ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿ: ಹೆಸರು ಹಾಕಿ ಹುಡುಕಿದರೆ ಸುಸ್ತು, ನಂಬರ್ ಗೊತ್ತಿದ್ದರೆ ಸಲೀಸು

ದಾವಣಗೆರೆಯಲ್ಲಿ ಮೂಟ್ ಕೋರ್ಟ್‌ಗೆ (ಅಣಕು ನ್ಯಾಯಾಲಯದ ಸ್ಪರ್ಧೆಗೆ) ತಯಾರಾಗುವ ಕಾನೂನು ವಿದ್ಯಾರ್ಥಿಗಳು, ಐಎಎಸ್-ಕೆಎಎಸ್ ಓದುವವರು, ವಿದೇಶದ ಸುದ್ದಿಗೆ ಮೂಲ ದಾಖಲೆ ಬೇಕೆನ್ನುವ ಪತ್ರಿಕೆಯವರು ಬಳಸಬಹುದಾದ, ವಿಶ್ವಸಂಸ್ಥೆಯ ನಿರ್ಣಯ-ವರದಿಗಳೆಲ್ಲ ಇರುವ ಆನ್‌ಲೈನ್ ಸೇವೆ ಇದು. ಪುಕ್ಕಟೆ. ಲಾಗಿನ್ ಬೇಡ, ಮೊಬೈಲ್ ನಂಬರ್ ಕೇಳುವುದಿಲ್ಲ, ಜಾಹೀರಾತಿಲ್ಲ. ಇಷ್ಟಿದ್ದೂ ಹೊಸಬರು ಹತ್ತು ನಿಮಿಷದಲ್ಲಿ ಬೇಸತ್ತು ಎದ್ದುಹೋಗುತ್ತಾರೆ. ತಪ್ಪು ಅರ್ಧ ಲೈಬ್ರರಿಯದು, ಇನ್ನರ್ಧ ಹುಡುಕುವ ರೀತಿಯದು.

ಪರೀಕ್ಷೆಗೆ ಒಂದೇ ಪ್ರಶ್ನೆ ಇಟ್ಟುಕೊಂಡೆವು. ಒಂದು ಸರ್ಕಾರ ಮಾನವ ಹಕ್ಕು ವೀಕ್ಷಕರನ್ನು ದೇಶದಿಂದ ಹೊರಹಾಕಿದರೆ ಉಳಿದ ದೇಶಗಳು ಏನು ಮಾಡುತ್ತವೆ?

ಹುಡುಕುವ ಜಾಗದಲ್ಲಿ ದೇಶದ ಹೆಸರು, 'ಮಾನವ ಹಕ್ಕು', 'ಉಚ್ಚಾಟನೆ' ಎಂಬರ್ಥದ ಇಂಗ್ಲಿಷ್ ಪದಗಳನ್ನು ಹಾಕಿದರೆ ರಾಶಿ ರಾಶಿ ಬರುತ್ತದೆ. ಬೇಕಾದ್ದು ಎಲ್ಲೋ ಅಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ದಾಖಲೆಯ ಸಂಕೇತ, ಅಂದರೆ ಇಂಗ್ಲಿಷ್ ಅಕ್ಷರ-ಅಂಕಿಗಳಲ್ಲಿರುವ ಅದರ ನಂಬರ್. 'ಎಸ್' ಅಂದರೆ ಭದ್ರತಾ ಮಂಡಳಿ, 'ಎ' ಅಂದರೆ ಮಹಾಸಭೆ, 'ಎ' ಆದಮೇಲೆ 'ಎಚ್‌ಆರ್‌ಸಿ' ಬಂದರೆ ಮಾನವ ಹಕ್ಕು ಮಂಡಳಿ. 'ಆರ್‌ಇಎಸ್' ನಿರ್ಣಯ, 'ಪಿವಿ' ಸಭೆಯಲ್ಲಿ ಆಡಿದ ಮಾತಿನ ಪೂರ್ಣ ವರದಿ, 'ಪಿಆರ್‌ಎಸ್‌ಟಿ' ಭದ್ರತಾ ಮಂಡಳಿ ಅಧ್ಯಕ್ಷರ ಹೇಳಿಕೆ. 'ಎಲ್' ಕಂಡರೆ ಅದು ಬರೀ ಕರಡು. ಕರಡನ್ನೇ ನಿರ್ಣಯವೆಂದು ಉಲ್ಲೇಖಿಸಿದರೆ ಮೂಟ್ ಕೋರ್ಟಿನಲ್ಲಿ ಎದುರಾಳಿಗೆ ಹಬ್ಬ.

ಹೈಟಿಯನ್ನೇ ನೋಡಿ. 1994ರ ಜುಲೈ 11ರಂದು ಅಲ್ಲಿನ ಸೇನಾ ಆಡಳಿತ ವಿಶ್ವಸಂಸ್ಥೆ ಮತ್ತು ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆಯ ಜಂಟಿ ವೀಕ್ಷಕ ತಂಡಕ್ಕೆ 48 ಗಂಟೆಯಲ್ಲಿ ಜಾಗ ಖಾಲಿ ಮಾಡಲು ಹೇಳಿತು. ಮರುದಿನವೇ ಭದ್ರತಾ ಮಂಡಳಿ ಅಧ್ಯಕ್ಷರ ಹೇಳಿಕೆ ಬಂತು: ಎಸ್/ಪಿಆರ್‌ಎಸ್‌ಟಿ/1994/32. ಇದಕ್ಕೆ ಮತದಾನ ಇರುವುದಿಲ್ಲ, 15 ಸದಸ್ಯರೂ ಒಪ್ಪಬೇಕು. ಜುಲೈ 31ಕ್ಕೆ ನಿರ್ಣಯ 940. ಬಹುರಾಷ್ಟ್ರೀಯ ಪಡೆಗೆ ಅನುಮತಿ, ಪರವಾಗಿ 12 ಮತ, ಬ್ರೆಜಿಲ್ ಮತ್ತು ಚೀನಾ ತಟಸ್ಥ. ಈ ನಿರ್ಣಯದ ಪೀಠಿಕೆಯಲ್ಲೇ ವೀಕ್ಷಕರನ್ನು ಹೊರಹಾಕಿದ ಪ್ರಸ್ತಾಪವೂ ಜುಲೈ 12ರ ಹೇಳಿಕೆಯ ಸಂಕೇತವೂ ಇವೆ. ಒಂದು ದಾಖಲೆ ಹಿಡಿದರೆ ಸಾಕು, ಅದರ ಪೀಠಿಕೆ ಹಿಂದಿನದಕ್ಕೆ ದಾರಿ ತೋರಿಸುತ್ತದೆ. ನಮ್ಮ ಪ್ರಕಾರ ಲೈಬ್ರರಿಯ ಅಸಲಿ ಬೆಲೆ ಇರುವುದು ಈ ಕೊಂಡಿಯಲ್ಲಿ. ಹಾಗಂತ ವೀಕ್ಷಕರನ್ನು ಓಡಿಸಿದ್ದಕ್ಕೇ ಬಹುರಾಷ್ಟ್ರೀಯ ಪಡೆ ಹೋಯಿತು ಎಂದು ಬರೆಯಬೇಡಿ. ಅಕ್ರಮ ಆಡಳಿತ ಒಪ್ಪಂದ ಮುರಿದದ್ದು, ನಿರಾಶ್ರಿತರ ಪಾಡು ಎಲ್ಲ ಅದೇ ಪೀಠಿಕೆಯಲ್ಲಿವೆ.

ನಿಕರಾಗುವಾದ್ದು ಬೇರೆ ಕಥೆ. 2018ರ ಆಗಸ್ಟ್ 29ರಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯ ವರದಿ ಬಂತು, ಅದರ ಬೆನ್ನಲ್ಲೇ ತಂಡಕ್ಕೆ ಹೊರಡುವ ಸೂಚನೆಯೂ ಬಂತು. ಮಾನವ ಹಕ್ಕು ಮಂಡಳಿಯ ನಿರ್ಣಯ ಬಂದದ್ದು 2019ರ ಮಾರ್ಚ್ 21ಕ್ಕೆ, ಅಂದರೆ ಆರು ತಿಂಗಳು ದಾಟಿದ ಮೇಲೆ. ಸಂಕೇತ ಎ/ಎಚ್‌ಆರ್‌ಸಿ/ಆರ್‌ಇಎಸ್/40/2. ನಡುವಿನ 'ಆರ್‌ಇಎಸ್' ಬಿಟ್ಟು ಟೈಪ್ ಮಾಡಿದರೆ ಬೇರೆ ಯಾವುದೋ ದಾಖಲೆ ತೆರೆದುಕೊಳ್ಳುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಮತಗಳ ಲೆಕ್ಕ ಪಿಡಿಎಫ್‌ನ ಕೊನೆಯಲ್ಲಿ ದೇಶಗಳ ಹೆಸರಿನೊಂದಿಗೆ ಇರುತ್ತದೆ: ಪರ 23, ವಿರುದ್ಧ 3, ತಟಸ್ಥ 21. ನಿರ್ಣಯದಲ್ಲಿ ನಂಬರ್ ಹಾಕಿದ ಪ್ಯಾರಾಗಳಷ್ಟೇ 'ಹೀಗೆ ಮಾಡಿ' ಎನ್ನುತ್ತವೆ, ನಂಬರ್ ಇಲ್ಲದವು ಹಿನ್ನೆಲೆ. ಕ್ರಿಯಾಪದ ತೂಗಿ ನೋಡಿ. 'ವಿಷಾದಿಸುತ್ತದೆ' ಎಂದರೆ ಮೆತ್ತಗೆ, 'ಖಂಡಿಸುತ್ತದೆ' ಎಂದರೆ ಗಟ್ಟಿ.

ಮಹಾಸಭೆಯ ಮತದಾನದ ಪುಟ ನಮಗೆ ಎಲ್ಲಕ್ಕಿಂತ ಹಿಡಿಸಿತು. ಯಾವ ದೇಶ ಯಾವ ಕಡೆ ಎಂಬುದು ಒಂದೇ ಪಟ್ಟಿಯಲ್ಲಿ ಸಿಗುತ್ತದೆ. 2022ರ ಏಪ್ರಿಲ್ 7ರಂದು ರಷ್ಯಾವನ್ನು ಮಾನವ ಹಕ್ಕು ಮಂಡಳಿಯಿಂದ ಅಮಾನತು ಮಾಡಿದ ನಿರ್ಣಯ, ಎ/ಆರ್‌ಇಎಸ್/ಇಎಸ್-11/3, ತೆರೆದು ನೋಡಿ. ಪರ 93, ವಿರುದ್ಧ 24, ತಟಸ್ಥ 58. ಭಾರತ ತಟಸ್ಥರ ಸಾಲಿನಲ್ಲಿದೆ. ಅಮಾನತಿಗೆ ಮೂರನೇ ಎರಡರಷ್ಟು ಮತ ಬೇಕು. 193 ಸದಸ್ಯರಲ್ಲಿ 93 ಅರ್ಧವೂ ಆಗಲಿಲ್ಲವಲ್ಲ, ಮೂರನೇ ಎರಡು ಹೇಗೆ ಎಂಬ ಗೊಂದಲ ಸಹಜ. ತಟಸ್ಥರನ್ನು ಎಣಿಸುವುದಿಲ್ಲ. 93 ಮತ್ತು 24 ಸೇರಿ 117, ಅದರ ಮೂರನೇ ಎರಡು 78. ಇದು ಯುಕ್ರೇನ್ ಯುದ್ಧದ ಸಂಬಂಧದ ಕ್ರಮ, ವೀಕ್ಷಕರ ಉಚ್ಚಾಟನೆಯದ್ದಲ್ಲ. ಆದರೆ ಮಂಡಳಿಯ ಸದಸ್ಯ ದೇಶವೊಂದಕ್ಕೆ ಮಹಾಸಭೆ ಕೊಡಬಹುದಾದ ದೊಡ್ಡ ಏಟು ಇದೇ.

ಲೈಬ್ರರಿ ಕೈಕೊಡುವುದು ನಿರ್ಣಯವೇ ಹುಟ್ಟದ ಪ್ರಕರಣಗಳಲ್ಲಿ. 2021ರ ಸೆಪ್ಟೆಂಬರ್ 30ರಂದು ಇಥಿಯೋಪಿಯಾ ವಿಶ್ವಸಂಸ್ಥೆಯ ಏಳು ಅಧಿಕಾರಿಗಳಿಗೆ 72 ಗಂಟೆಯ ಗಡುವು ಕೊಟ್ಟಿತು. ಅವರಲ್ಲಿ ಒಬ್ಬರು ಮಾನವ ಹಕ್ಕು ಕಚೇರಿಯವರು. ರಾಯಭಾರಿಗಳನ್ನು 'ಬೇಡವಾದ ವ್ಯಕ್ತಿ' ಎಂದು ಕಳಿಸುವ ನಿಯಮ ನಮ್ಮ ಸಿಬ್ಬಂದಿಗೆ ಅನ್ವಯಿಸುವುದಿಲ್ಲ ಎಂದು ವಿಶ್ವಸಂಸ್ಥೆ ವಾದಿಸಿತು. ಅಕ್ಟೋಬರ್ 6ಕ್ಕೆ ಭದ್ರತಾ ಮಂಡಳಿ ಸೇರಿತು, ನಿರ್ಣಯ ಬರಲಿಲ್ಲ. ಹಾಗಾಗಿ 'ನಿರ್ಣಯ' ಎಂದು ಜರಡಿ ಹಿಡಿದರೆ ಏನೂ ಸಿಗದು. 'ಪಿವಿ' ಆರಿಸಿ, ತಾರೀಖು ಹಾಕಬೇಕು. 2024ರ ಫೆಬ್ರವರಿಯಲ್ಲಿ ವೆನೆಜುವೆಲಾ ಮಾನವ ಹಕ್ಕು ಕಚೇರಿಯ ಸಿಬ್ಬಂದಿಗೆ ಇದೇ 72 ಗಂಟೆ ಕೊಟ್ಟಾಗ ಪ್ರತಿಕ್ರಿಯೆ ಬಂದದ್ದು ಹೆಚ್ಚಾಗಿ ಆಯಾ ದೇಶಗಳ ವಿದೇಶಾಂಗ ಖಾತೆಗಳ ಹೇಳಿಕೆಗಳಲ್ಲಿ. ಅವನ್ನು ಇಲ್ಲಿ ಹುಡುಕುವುದು ದಂಡ.

ಪ್ರಿಂಟ್ ತೆಗೆಸುವವರಿಗೆ ಒಂದು ಮಾತು. ಫೈಲ್‌ಗಳ ಪಟ್ಟಿಯಲ್ಲಿ ಮೊದಲು ಕಾಣುವುದು ಅರೇಬಿಕ್. ಹೆಸರಿನ ಕೊನೆಯಲ್ಲಿ 'ಇಎನ್' ಇರುವುದನ್ನೇ ಆರಿಸಿ, ಇಲ್ಲದಿದ್ದರೆ ಜೆರಾಕ್ಸ್ ಅಂಗಡಿಯಿಂದ ತಂದ ಹಾಳೆ ಮಂಡಕ್ಕಿ-ಮಿರ್ಚಿ ಕಟ್ಟುವುದಕ್ಕೇ ಸೈ. ಸಭೆಯ ವರದಿಗಳು ಎರಡು ಕಾಲಂನಲ್ಲಿರುವುದರಿಂದ ಮೊಬೈಲ್‌ನಲ್ಲಿ ಓದುವುದು ಕಷ್ಟ, ಎ4 ಹಾಳೆಯೇ ವಾಸಿ. ಹಳೆಯವು ಸ್ಕ್ಯಾನ್ ಪ್ರತಿಗಳು, ಅಕ್ಷರ ಕಾಪಿ ಮಾಡಿದರೆ ಕಲಸುಮೇಲೋಗರ. ದಾಖಲೆಗಳು ಆರು ಅಧಿಕೃತ ಭಾಷೆಗಳಲ್ಲಿವೆ, ಕನ್ನಡದಲ್ಲಿಲ್ಲ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಮಾತ್ರ ಮಾನವ ಹಕ್ಕು ಕಚೇರಿಯ ತಾಣದಲ್ಲಿ ಕನ್ನಡದಲ್ಲೇ ಸಿಗುತ್ತದೆ.

ಐದಕ್ಕೆ ಮೂರೂವರೆ ಕೊಡುತ್ತೇವೆ. ಇದರ ಜೊತೆಗೆ ವಿಶ್ವಸಂಸ್ಥೆಯ ವೆಬ್ ಟಿವಿ ಇಟ್ಟುಕೊಂಡರೆ ಕಾಗದದಲ್ಲಿ ಕಾಣದ ದನಿಯೂ ಕೇಳುತ್ತದೆ. ಜಿನೀವಾದ ಬೆಳಗ್ಗೆ 10ರ ಸಭೆ ನಮಗೆ ಅಲ್ಲಿನ ಬೇಸಿಗೆಯಲ್ಲಿ ಮಧ್ಯಾಹ್ನ 1:30ಕ್ಕೆ, ಚಳಿಗಾಲದಲ್ಲಿ 2:30ಕ್ಕೆ ಶುರುವಾಗುತ್ತದೆ. ನೇರಪ್ರಸಾರ ತಪ್ಪಿದರೂ ರೆಕಾರ್ಡಿಂಗ್ ಸಿಗುತ್ತದೆ.