ಘೋಸ್ಟ್ ಶಿಪ್, ಭೂತ್, ಟ್ರಯಾಂಗಲ್: ನಿಜವಾಗಿ ಹೆದರಿಸಿದ ಹಡಗು ಯಾವುದು?

ದಾವಣಗೆರೆಯವರಿಗೆ ದೊಡ್ಡ ನೀರು ಅಂದ್ರೆ ಸೂಳೆಕೆರೆ, ಸಮುದ್ರ ದೂರದ ಮಾತು. ಆದರೂ ದೆವ್ವದ ಹಡಗಿನ ಸಿನಿಮಾ ನಮ್ಮೂರಿನವರಿಗೆ ಬೇಗ ತಾಗುತ್ತದೆ ಅಂತ ನನ್ನ ನಂಬಿಕೆ. ಬಾಗಿಲು ಹಾಕಿದ ಕಾಟನ್ ಮಿಲ್ಲುಗಳನ್ನು ನೋಡುತ್ತಾ ಬೆಳೆದವರಿಗೆ, ಜನ ಎದ್ದುಹೋದ ಮೇಲೆ ಉಳಿಯುವ ತುಕ್ಕು ಕಬ್ಬಿಣ ಹೇಗಿರುತ್ತೆ ಅಂತ ಗೊತ್ತು. ಈ ಮೂರು ಸಿನಿಮಾಗಳನ್ನೂ ಮನೆಯಲ್ಲಿ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಒಂದರ ಹಿಂದೊಂದು ನೋಡಿದೆ.

2002ರ 'ಘೋಸ್ಟ್ ಶಿಪ್' ಆರಂಭಕ್ಕೆ ಸಾಟಿಯೇ ಇಲ್ಲ. 1962, ಇಟಲಿಯ ಆಂಟೋನಿಯಾ ಗ್ರಾಜಾ ಹಡಗು, ಡೆಕ್ ಮೇಲೆ ಹಾಡು, ಕುಣಿತ. ಬಿಗಿದಿದ್ದ ಉಕ್ಕಿನ ತಂತಿ ಕಿತ್ತು ಜನರ ನಡುವೆ ಹಾಯುತ್ತದೆ. ಯಾರಿಗೂ ಏನೂ ಆದಂತೆ ಕಾಣಲ್ಲ, ಎಲ್ಲರೂ ನಿಂತೇ ಇರುತ್ತಾರೆ. ಆಮೇಲೆ ಒಬ್ಬೊಬ್ಬರೇ ತುಂಡಾಗಿ ಕುಸಿಯುತ್ತಾರೆ. ತಂತಿಗಿಂತ ಕೆಳಗಿದ್ದ ಪುಟ್ಟ ಹುಡುಗಿ ಕೇಟಿ ಮಾತ್ರ ಬದುಕುಳಿಯುತ್ತಾಳೆ. 40 ವರ್ಷದ ನಂತರ ಬೇರಿಂಗ್ ಸಮುದ್ರದಲ್ಲಿ ಆ ಹಡಗು ಹತ್ತಿದವರಿಗೆ ಅಲ್ಲೊಂದು ಡಿಜಿಟಲ್ ವಾಚ್ ಸಿಗುತ್ತದೆ. 1962ರಲ್ಲಿ ಅಂಥ ವಾಚೇ ಇರಲಿಲ್ಲ, ಅಂದ್ರೆ ತಮಗಿಂತ ಮುಂಚೆ ಇಲ್ಲಿಗೆ ಯಾರೋ ಬಂದಿದ್ದಾರೆ. ಎಂಥಾ ಚೆಂದದ ಭಯ! ಆದರೆ ಚಿನ್ನದ ಗಟ್ಟಿಗಳು ಸಿಕ್ಕ ಮೇಲೆ ಕಥೆ ಜಾರುತ್ತದೆ. ಕೊನೆಯಲ್ಲಿ ದುಷ್ಟಶಕ್ತಿಯೇ ನಿಂತು ತನ್ನ ಲೆಕ್ಕಾಚಾರ ವಿವರಿಸುವಾಗ ಹೆದರಿಕೆ ಪೂರ್ತಿ ಇಳಿದುಹೋಯಿತು.

2020ರ ಹಿಂದಿ 'ಭೂತ್' ಮೇಲೆ ನನಗೆ ಆಸೆ ಜಾಸ್ತಿ ಇತ್ತು. 2011ರಲ್ಲಿ ಎಂ.ವಿ. ವಿಸ್ಡಮ್ ಎಂಬ ಹಡಗನ್ನು ಒಡೆಯೋಕೆ ಗುಜರಾತಿನ ಅಲಂಗ್‌ಗೆ ಎಳೆದೊಯ್ಯುವಾಗ ಹಗ್ಗ ಕಿತ್ತು, ಅದು ಮುಂಬೈನ ಜುಹು ದಂಡೆಗೆ ಬಂದು ನಿಂತಿತ್ತು. ಚಿತ್ರಕ್ಕೆ ಎಳೆ ಅದೇ. ಹೆಂಡತಿ, ಮಗಳನ್ನು ಕಳೆದುಕೊಂಡವನಾಗಿ ವಿಕ್ಕಿ ಕೌಶಲ್ ಮನಸ್ಸು ಕಲಕುತ್ತಾರೆ. ಟಾರ್ಚ್ ಹಿಡಿದು ಒಬ್ಬನೇ ಹಡಗಿನೊಳಗೆ ಇಳಿಯುವಾಗ ನನ್ನ ಕೈ ತಣ್ಣಗಾಯಿತು. ಆದರೆ ಹಡಗು ಮರಳಿನ ಮೇಲಿದೆ, ನಾಯಕ ಬೇಕಾದಾಗ ಮನೆಗೆ ಹೋಗಿ ಬರಬಹುದು. ನಡುನೀರಲ್ಲಿ ಸಿಕ್ಕಿಬಿದ್ದ ದಿಗಿಲು ಅಲ್ಲಿ ಹುಟ್ಟೋದಿಲ್ಲ. ಇಂಟರ್ವಲ್ ಆದಮೇಲೆ ಫ್ಲ್ಯಾಶ್‌ಬ್ಯಾಕ್, ಮಂತ್ರ, ಕಿರುಚಾಟ, ಅಷ್ಟೇ.

ನನ್ನ ವೋಟು 2009ರ 'ಟ್ರಯಾಂಗಲ್'ಗೆ. ಮಗುಚಿದ ದೋಣಿಯಿಂದ ಪಾರಾದವರು ಈಯೋಲಸ್ ಎಂಬ ಖಾಲಿ ಹಡಗು ಹತ್ತುತ್ತಾರೆ. ಕಾರಿಡಾರಲ್ಲಿ ಬಿದ್ದ ಕೀ ಗೊಂಚಲನ್ನು ಅವರಲ್ಲೊಬ್ಬಳಾದ ನಾಯಕಿ ಜೆಸ್ ಎತ್ತಿಕೊಂಡರೆ, ಅದು ಅವಳದೇ! ಬಿಳಿ ಸೀರೆಯಿಲ್ಲ, ಚೀರಾಟವಿಲ್ಲ, ಒಂದು ಕೀ ಗೊಂಚಲಿಗೇ ನನ್ನ ಬೆನ್ನುಹುರಿಯಲ್ಲಿ ಚಳುಕು ಹರಿಯಿತು. ಮೊದಲ ಕಾಲು ಗಂಟೆ ನಿಧಾನ, ಸಹಿಸಿಕೊಳ್ಳಿ. ಹಡಗಿಗೆ ಏನಾಗಿದೆ ಅಂತ ಯಾವ ಪ್ರೊಫೆಸರೂ ಬಂದು ಪಾಠ ಮಾಡಲ್ಲ, ನೀವೇ ಜೋಡಿಸಿಕೊಳ್ಳಬೇಕು. ನೋಡಿ ಮುಗಿದ ಮೇಲೆ ತಪ್ಪದೆ ಮತ್ತೆ ಶುರುವಿಗೆ ಹೋಗಿ, ಜೆಸ್ ಮನೆಯ ಕಾಲಿಂಗ್ ಬೆಲ್ ಆಗಿ, ಬಾಗಿಲು ತೆಗೆದರೆ ಯಾರೂ ಇರದ ದೃಶ್ಯ ನೋಡಿ. ಬೆಲ್ ಒತ್ತಿದ್ದು ಯಾರು ಅಂತ ಈಗ ನಿಮಗೆ ಗೊತ್ತಿರುತ್ತೆ.