ಬಲ್ಬ್ ಬದಲಿಸದೆ ಬೆಳಕು ತಂದುಕೊಟ್ಟ ಅಂಗಡಿ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೊರಡುವ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಯೊಂದಕ್ಕೆ ಅಂಟಿಕೊಂಡಂತೆ, ತಗಡಿನ ಮಾಡಿನ ಒಂದು ಆಟೊ ಎಲೆಕ್ಟ್ರಿಕಲ್ ಅಂಗಡಿ ಇದೆ. ಅದಕ್ಕೆ ನಾಮಫಲಕವಿಲ್ಲ. ಸತ್ತುಹೋದ ಲಾರಿ ಬ್ಯಾಟರಿಯೊಂದರ ಮೇಲೆ ಬಿಳಿ ಬಣ್ಣದಲ್ಲಿ ‘ವೈರಿಂಗ್’ ಎಂದು ಬರೆದು ಬಾಗಿಲ ಬಳಿ ಇಟ್ಟಿದ್ದಾರೆ, ಅಷ್ಟೆ. ಕಾರಿನ ಹೆಡ್‌ಲೈಟ್ ಮತ್ತು ಇಂಡಿಕೇಟರ್ ತೊಂದರೆಯಿಂದ ಮಳೆಗಾಲದಲ್ಲಿ ಹೈರಾಣಾದ ಮೇಲೆ ನಾನು ಅಲ್ಲಿಗೆ ಹೋದೆ. ಇದು ಆ ಅಂಗಡಿಯ ಕೆಲಸದ ವಿಮರ್ಶೆ. ಆದರೆ ಅಲ್ಲಿಗೆ ತಲುಪುವ ಮೊದಲು ನಡೆದದ್ದನ್ನು ಹೇಳದೆ ಆ ಕೆಲಸದ ಬೆಲೆ ತಿಳಿಯುವುದಿಲ್ಲ.

ನನ್ನದು ಹತ್ತು ವರ್ಷ ಹಳೆಯ ಸಣ್ಣ ಕಾರು. ಜೂನ್ ಕೊನೆಯ ಒಂದು ರಾತ್ರಿ ಉಡುಪಿಯಿಂದ ಮರಳುವಾಗ, ಸೋಮೇಶ್ವರ ದಾಟಿ ಘಾಟಿ ಏರತೊಡಗಿದಾಗ, ಎಡಗಡೆಯ ಹೆಡ್‌ಲೈಟ್ ಬಲಗಡೆಯದಕ್ಕಿಂತ ಮಂಕಾಗಿರುವುದು ಗಮನಕ್ಕೆ ಬಂತು. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಮಂಜು ಕವಿದಾಗ ನಾವು ನೆಚ್ಚಿಕೊಳ್ಳುವುದು ರಸ್ತೆಯ ಎಡ ಅಂಚನ್ನೇ. ಆ ಅಂಚೇ ಕಾಣಿಸದಂತಾಯಿತು. ಎಡಕ್ಕೆ ಇಂಡಿಕೇಟರ್ ಹಾಕಿದಾಗ ಇನ್ನೊಂದು ವಿಚಿತ್ರ ಕಂಡಿತು: ಇಂಡಿಕೇಟರ್ ಮಿನುಗಿದಷ್ಟು ಸಲವೂ ಅದೇ ಕಡೆಯ ಹೆಡ್‌ಲೈಟ್ ಕಣ್ಣು ಪಿಳುಕಿಸಿದಂತೆ ಇನ್ನಷ್ಟು ಕುಗ್ಗುತ್ತಿತ್ತು. ಒಮ್ಮೊಮ್ಮೆ ಇಂಡಿಕೇಟರ್‌ನ ಟಿಕ್‌ಟಿಕ್ ಸದ್ದು ಎರಡು ಪಟ್ಟು ವೇಗವಾಗುತ್ತಿತ್ತು. ನಿಯಮದ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಅದಕ್ಕಿಂತ ವೇಗವಾಯಿತೆಂದರೆ ಸಾಮಾನ್ಯವಾಗಿ ಒಂದು ಬಲ್ಬ್ ಸುಟ್ಟಿದೆ ಎಂದರ್ಥ. ನನ್ನ ಕಾರಿನಲ್ಲಿ ಯಾವ ಬಲ್ಬೂ ಸುಟ್ಟಿರಲಿಲ್ಲ.

ಮೊದಲು ಹೋದದ್ದು ಒಂದು ಅಧಿಕೃತ ಸರ್ವಿಸ್ ಸೆಂಟರಿಗೆ. ಅಲ್ಲಿ ಎಡಗಡೆಯ ಬಲ್ಬ್ ಬದಲಿಸಿ, ಕಾರು ತೊಳೆದು, ಬಿಲ್ ಕೊಟ್ಟರು. ಎರಡು ವಾರ ಎಲ್ಲವೂ ಸರಿಯಿತ್ತು, ಆಮೇಲೆ ಮತ್ತದೇ ಹಾಡು. ಎರಡನೆಯ ಸಲ ಹೋದಾಗ ಎರಡೂ ಕಡೆಯ ಹೆಡ್‌ಲೈಟ್ ಅಸೆಂಬ್ಲಿ ಮತ್ತು ಸ್ಟೀರಿಂಗ್ ಕೆಳಗಿನ ಕಾಂಬಿನೇಷನ್ ಸ್ವಿಚ್ ಬದಲಿಸಬೇಕೆಂದು 14,600 ರೂಪಾಯಿಯ ಅಂದಾಜು ಪಟ್ಟಿ ಕೈಗಿತ್ತರು. ಅವರು ಮೋಸ ಮಾಡಲು ಹೊರಟಿದ್ದರೆಂದು ನಾನು ಭಾವಿಸುವುದಿಲ್ಲ. ಬಿಡಿಭಾಗ ಬದಲಿಸುವ ಕೆಲಸಕ್ಕೆ ಬಿಲ್‌ನಲ್ಲಿ ಒಂದು ಸಾಲಿದೆ. ತಂತಿಯ ಬೆನ್ನು ಹಿಡಿದು ಎರಡು ಗಂಟೆ ಹುಡುಕುವುದಕ್ಕೆ ಅಂಥ ಸಾಲಿಲ್ಲ. ಆದರೂ ಮೂರು ಬಿಡಿಭಾಗಗಳಲ್ಲಿ ತಪ್ಪು ಯಾವುದರದ್ದು ಎಂದು ಕೇಳಿದ್ದಕ್ಕೆ, ‘ಮೂರನ್ನೂ ಹಾಕಿದರೆ ಸರಿಯಾಗುತ್ತದೆ’ ಎಂಬ ಉತ್ತರ ಬಂದಾಗ ನಾನು ಕಾರನ್ನು ಹಿಂದಕ್ಕೆ ತಂದೆ.

ಈಗ ಅಂಗಡಿಯ ವಿಷಯ. ಮಾಲೀಕರಿಗೆ ಅರವತ್ತರ ಆಸುಪಾಸು; ಸಹಾಯಕ್ಕೆ ಒಬ್ಬ ಹುಡುಗನಿದ್ದಾನೆ. ನನಗೆ ಮೊದಲು ಹಿಡಿಸಿದ್ದು ಅವರು ಬಾನೆಟ್ ಎತ್ತುವ ಮೊದಲು ಕೇಳಿದ ಪ್ರಶ್ನೆ: “ಗುಂಡಿಗೆ ಇಳಿದಾಗ, ಡಿಪ್‌ನಲ್ಲೇ ಇದ್ದರೂ, ಮೀಟರಿನಲ್ಲಿ ಆ ನೀಲಿ ದೀಪ ಮಂದವಾಗಿ ಹತ್ತಿದ್ದು ಕಂಡಿದ್ದೀರಾ?” ಕಂಡಿತ್ತು. ದೂರಕ್ಕೆ ಬೀಳುವ ‘ಬ್ರೈಟ್’ ಬೆಳಕು ಹಾಕಿದಾಗ ಮಾತ್ರ ಹತ್ತಬೇಕಾದ ದೀಪ ಅದು; ತಗ್ಗಿಸಿದ ‘ಡಿಪ್’ ಬೆಳಕಿನಲ್ಲಿ ಹತ್ತಬಾರದು. ಹಾಗೆ ಹತ್ತಿದ್ದನ್ನು ನಾನು ಸರ್ವಿಸ್ ಸೆಂಟರಿನಲ್ಲಿ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. “ಹಾಗಾದರೆ ಬಲ್ಬ್ ಹೋಗಿಲ್ಲ ಮಾರಾಯ್ರೆ, ಕರೆಂಟಿಗೆ ವಾಪಸ್ ಹೋಗುವ ದಾರಿ ಇಲ್ಲ” ಎಂದರು.

ಆ ಮಾತಿನ ಅರ್ಥ ಇಷ್ಟು. ನನ್ನ ಕಾರಿನಲ್ಲಿರುವುದು ಎಚ್4 ಎಂಬ ಮಾದರಿಯ ಬಲ್ಬ್. ಬ್ರೈಟ್‌ಗೆ 60 ವ್ಯಾಟ್, ಡಿಪ್‌ಗೆ 55 ವ್ಯಾಟ್‌ನ ಎರಡು ತಂತುಗಳು ಒಂದೇ ಗಾಜಿನೊಳಗೆ ಇರುತ್ತವೆ. ಎರಡಕ್ಕೂ ಅರ್ತ್ ಕಾಲು, ಅಂದರೆ ಕರೆಂಟ್ ವಾಪಸ್ ಹೋಗುವ ಕಾಲು, ಒಂದೇ. ಆ ಅರ್ತ್ ತಂತಿ ಕಾರಿನ ಬಾಡಿಗೆ ಸೇರುವ ಜಾಗ ಕೆಟ್ಟರೆ, ಡಿಪ್‌ಗೆ ಬಂದ ಕರೆಂಟ್ ಬ್ರೈಟ್ ತಂತುವಿನ ಮೂಲಕ ಹಿಮ್ಮುಖವಾಗಿ ಹರಿದು ಬೇರೆ ದಾರಿ ಹುಡುಕುತ್ತದೆ. ಆ ದಾರಿಯಲ್ಲಿ ಸಿಗುವ ನೀಲಿ ದೀಪ ಮಂದವಾಗಿ ಬೆಳಗುತ್ತದೆ. ನನ್ನ ಕಾರಿನಲ್ಲಿ ಎಡ ಇಂಡಿಕೇಟರ್‌ಗೂ ಅದೇ ಅರ್ತ್ ಬಿಂದುವಾದ್ದರಿಂದ, ಇಂಡಿಕೇಟರ್ ಹತ್ತಿದಾಗಲೆಲ್ಲ ಆ ಇಕ್ಕಟ್ಟಾದ ದಾರಿಯಲ್ಲಿ ನೂಕುನುಗ್ಗಲಾಗಿ ಹೆಡ್‌ಲೈಟ್ ಕುಗ್ಗುತ್ತಿತ್ತು. ಇಂಡಿಕೇಟರ್‌ಗೂ ಪೂರಾ ಕರೆಂಟ್ ಹರಿಯದಿದ್ದಾಗ, ಅದನ್ನು ಮಿನುಗಿಸುವ ಫ್ಲ್ಯಾಷರ್ ಎಂಬ ಸಾಧನವು, ಬಲ್ಬ್ ಸುಟ್ಟಿದೆಯೆಂದು ಭಾವಿಸಿ ಓಡುತ್ತಿತ್ತು.

ಹೇಳಿದ್ದನ್ನು ಅವರು ಅಳೆದೂ ತೋರಿಸಿದರು. ಎಂಜಿನ್ ಚಾಲೂ ಮಾಡಿಸಿ, ಡಿಪ್ ಹಾಕಿಸಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಬಲ್ಬಿನ ಅರ್ತ್ ಕಾಲಿಗೂ ಹಿಡಿದರು. ಬಲಗಡೆ 0.08 ವೋಲ್ಟ್ ಬಂತು. ಎಡಗಡೆ 1.9. ಅಷ್ಟು ವೋಲ್ಟ್ ಆ ಕೆಟ್ಟ ಅರ್ತ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಬ್ಯಾಟರಿಯಲ್ಲಿ 14.1 ವೋಲ್ಟ್ ಇದ್ದರೂ ಎಡ ಬಲ್ಬಿಗೆ ಹೆಚ್ಚೆಂದರೆ 12.2 ದಕ್ಕುತ್ತಿತ್ತು. ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಅದರ ಎಷ್ಟೋ ಪಟ್ಟು ಇಳಿಯುತ್ತದೆ. ಈ ವ್ಯತ್ಯಾಸಕ್ಕೆ ಸರಿಸುಮಾರು ಶೇ. 40ರಷ್ಟು ಬೆಳಕು ಹೋಗಿಬಿಡುತ್ತದೆ. ಆಮೇಲೆ ಒಂದು ಬಿಡಿ ತಂತಿಯಿಂದ ಬಲ್ಬಿನ ಅರ್ತ್ ಕಾಲನ್ನು ನೇರವಾಗಿ ಬ್ಯಾಟರಿಯ ಮೈನಸ್‌ಗೆ ಮುಟ್ಟಿಸಿದರು. ಎದುರಿನ ಗೋಡೆಯ ಮೇಲಿದ್ದ ಹಳದಿ ಮಸುಕು ತಟ್ಟನೆ ಬಿಳಿಯಾಯಿತು. ಹೊಸ ಬಲ್ಬೂ ಇಲ್ಲ, ಹೊಸ ಅಸೆಂಬ್ಲಿಯೂ ಇಲ್ಲ.

ಕೆಟ್ಟ ಜಾಗ ಸಿಕ್ಕಿದ್ದು ಬ್ಯಾಟರಿ ಟ್ರೇಯ ಕೆಳಗೆ. ತಂತಿಯ ಕೊನೆಯ ಲೋಹದ ಬಳೆ, ಅಂದರೆ ಲಗ್ಗು, ಬಾಡಿಗೆ ಬೋಲ್ಟಾಗಿದ್ದಲ್ಲಿ ಹಸಿರು ಮಿಶ್ರಿತ ಬಿಳಿ ಪುಡಿ ಕಟ್ಟಿತ್ತು. ಬೆರಳಲ್ಲಿ ಒತ್ತಿದರೆ ಹಪ್ಪಳದಂತೆ ಪುಡಿಯಾಗಿ ಉದುರಿತು. ಮೇಲಿನ ಬ್ಯಾಟರಿಯಿಂದ ತೊಟ್ಟಿಕ್ಕಿದ ಆಸಿಡ್ಡಿಗೆ ಮಲೆನಾಡಿನ ಮಳೆ ಸೇರಿ ಆದದ್ದು ಅದು. ಮೊದಲ ಸಲ ಬಲ್ಬ್ ಬದಲಿಸುವಾಗ ವೈರಿಂಗ್ ಅಲುಗಾಡಿ ಲಗ್ಗು ತಾತ್ಕಾಲಿಕವಾಗಿ ಕಚ್ಚಿಕೊಂಡಿದ್ದರಿಂದಲೇ ಎರಡು ವಾರ ಬೆಳಕು ಬಂದಿತ್ತೆಂದು ಆಗ ಹೊಳೆಯಿತು. ಹಳೆಯ ಲಗ್ಗನ್ನು ಕತ್ತರಿಸಿ, ಕಪ್ಪಾಗಿದ್ದ ತಂತಿಯನ್ನು ಎರಡಿಂಚು ಹಿಂದಕ್ಕೆ ಕೊಯ್ದು, ತಾಮ್ರ ಹೊಳೆಯುವಲ್ಲಿ ಹೊಸ ಲಗ್ಗು ಒತ್ತಿ ಬೆಸುಗೆ ಹಾಕಿದರು. ಬಾಡಿಯ ಬಣ್ಣವನ್ನು ಸ್ಯಾಂಡ್‌ಪೇಪರಿನಿಂದ ತಗಡು ಕಾಣುವವರೆಗೆ ಉಜ್ಜಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಮೇಲೆ ವ್ಯಾಸಲೀನ್ ಬಳಿದರು. ಮತ್ತೆ ಅಳೆದಾಗ 0.05 ವೋಲ್ಟ್. ಒಟ್ಟು 650 ರೂಪಾಯಿ ತೆಗೆದುಕೊಂಡರು.

ಇಷ್ಟಾದ ಮೇಲೆ ನಾನು, ಹೇಗೂ ಬಂದಿದ್ದೇನೆ, ಘಾಟಿಗಾಗಿ 100/90 ವ್ಯಾಟ್‌ನ ಬಲ್ಬ್ ಹಾಕಿಬಿಡಿ ಎಂದೆ. ಅವರು ಮಾತಾಡದೆ ಒಂದು ಬಿಸ್ಕತ್ತಿನ ಡಬ್ಬಿ ತೆರೆದು ತೋರಿಸಿದರು: ಒಳಗೆ ಕರಗಿ ಸೊಟ್ಟಗಾದ, ಕಂದು ಬಣ್ಣಕ್ಕೆ ತಿರುಗಿದ ಬಲ್ಬ್ ಹೋಲ್ಡರ್‌ಗಳು, ಇಪ್ಪತ್ತಕ್ಕೂ ಹೆಚ್ಚು. ಕಂಪನಿಯ ತಂತಿ ಮತ್ತು ಸ್ವಿಚ್ಚು 60 ವ್ಯಾಟ್‌ಗೆಂದು ಮಾಡಿದವು; ರಿಲೇ (ಹೆಚ್ಚಿನ ಕರೆಂಟನ್ನು ಸ್ವಿಚ್ಚಿನ ಮೂಲಕ ಹರಿಸದೆ ಬೇರೆ ದಾರಿಯಲ್ಲಿ ಕೊಡುವ ಸಾಧನ) ಇಲ್ಲದೆ ಭಾರಿ ಬಲ್ಬ್ ಹಾಕಿದವರ ಕಾರುಗಳಿಂದ ಕಿತ್ತದ್ದೇ ಅವೆಲ್ಲ. ಅಷ್ಟು ವ್ಯಾಟ್ ರಸ್ತೆಯಲ್ಲಿ ಕಾನೂನುಬದ್ಧವೂ ಅಲ್ಲ. ಹ್ಯಾಲೊಜೆನ್‌ಗೆಂದು ಮಾಡಿದ ಹೆಡ್‌ಲೈಟಿಗೆ ಅಗ್ಗದ ಎಲ್‌ಇಡಿ ಬಲ್ಬ್ ತುರುಕುವುದಕ್ಕೂ ಅವರು ಒಪ್ಪುವುದಿಲ್ಲ. ಬೆಳಕು ರಸ್ತೆಗೆ ಬೀಳದೆ ಎದುರಿನವರ ಕಣ್ಣಿಗೆ ಬೀಳುತ್ತದೆ ಎಂಬ ಅವರ ಮಾತು ಸತ್ಯ. ರಾತ್ರಿ ಘಾಟಿಯಲ್ಲಿ ಅದನ್ನು ಅನುಭವಿಸದವರು ಯಾರಿದ್ದಾರೆ? ಬೇಕೆಂದು ಕೇಳಿದ ಗಿರಾಕಿಗೆ ಬೇಡವೆಂದು ಹೇಳಿ ಮಾರಾಟ ಕಳೆದುಕೊಳ್ಳುವ ಅಂಗಡಿ ನಾನು ಕಂಡದ್ದು ಕಡಿಮೆ.

ದೂರುಗಳೂ ಇವೆ. ನನ್ನ ಸರದಿಗಾಗಿ ಎರಡೂವರೆ ಗಂಟೆ ಕಾಯಬೇಕಾಯಿತು, ಕೂರಲು ಟೈರಿನ ಹೊರತು ಬೇರೇನೂ ಇಲ್ಲ. ಬಿಲ್ ಕೊಡುವುದಿಲ್ಲ, ಹಾಗಾಗಿ ಗ್ಯಾರಂಟಿ ಎಂದರೆ ಅವರ ಬಾಯಿಮಾತು ಮಾತ್ರ. ನನಗೆ ನಿಜಕ್ಕೂ ಬೇಸರವಾದದ್ದು ಹೆಡ್‌ಲೈಟಿನ ಮಟ್ಟ ಹೊಂದಿಸಿದ ರೀತಿ. ಅಷ್ಟು ಕರಾರುವಾಕ್ಕಾಗಿ ವೋಲ್ಟ್ ಅಳೆದವರು ಬೆಳಕಿನ ಮಟ್ಟವನ್ನು ಮಾತ್ರ ಕಣ್ಣಂದಾಜಿನಲ್ಲಿ ಮುಗಿಸಿಬಿಟ್ಟರು. ಆ ರಾತ್ರಿ ಎದುರು ಬಂದ ಬಸ್ಸಿನವರು ಮೂರು ಸಲ ಡಿಪ್ ಹೊಡೆದು ಎಚ್ಚರಿಸಿದಾಗಲೇ ಎಡದೀಪ ಮೇಲಕ್ಕಿದೆಯೆಂದು ಗೊತ್ತಾಯಿತು. ಮರುದಿನ ಮನೆಯ ಗೋಡೆಯಿಂದ 25 ಅಡಿ ದೂರದಲ್ಲಿ, ಸಮತಟ್ಟಾದ ಅಂಗಳದಲ್ಲಿ ಕಾರು ನಿಲ್ಲಿಸಿ, ಡಿಪ್ ಬೆಳಕಿನ ಮೇಲಂಚು ದೀಪದ ಮಧ್ಯದ ಎತ್ತರಕ್ಕಿಂತ ಸುಮಾರು 3 ಇಂಚು ಕೆಳಗೆ ಬೀಳುವಂತೆ ತಿರುಪು ತಿರುಗಿಸಿ ನಾನೇ ಸರಿಮಾಡಿಕೊಂಡೆ. ಈ ಕೆಲಸಕ್ಕೆ ಅವರಿಗೆ ಒಂದು ಬಿಳಿ ಹಲಗೆ, ಒಂದು ಅಳತೆ ಪಟ್ಟಿ ಸಾಕು, ಇಟ್ಟುಕೊಳ್ಳಬೇಕು.

ಆಮೇಲೆ ಮೂರು ತಿಂಗಳ ಮಳೆಯಲ್ಲಿ ಏಳೆಂಟು ಸಲ ಘಾಟಿ ಹತ್ತಿಳಿದಿದ್ದೇನೆ. ನೀಲಿ ದೀಪ ತಾನಾಗಿ ಹತ್ತಿಲ್ಲ, ಇಂಡಿಕೇಟರ್ ಓಡಿಲ್ಲ. ಹೋಗುವವರು ಬೆಳಿಗ್ಗೆ ಒಂಬತ್ತೂವರೆಯೊಳಗೆ ಹೋಗಿ ಸರದಿ ಹಿಡಿಯುವುದು ಒಳ್ಳೆಯದು. ಒಂದೂವರೆಗೆ ಊಟಕ್ಕೆಂದು ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಕಾರಿಗೆ ಏನಾಗಿದೆಯೆಂದು ನೀವೇ ತೀರ್ಮಾನಿಸಿ ಹೇಳಬೇಡಿ. ಯಾವಾಗ, ಏನು ಹಾಕಿದಾಗ, ಎಂಥ ರಸ್ತೆಯಲ್ಲಿ ಹಾಗಾಗುತ್ತದೆ ಎಂಬುದನ್ನು ಹೇಳಿ. ಅವರು ಕೇಳುವುದು ಅದನ್ನೇ.