ಆರ್‌ಎಕ್ಸ್-7ಕ್ಕೆ ಒಂಟಿ ಟರ್ಬೊ: ಬೋರ್ಗ್‌ವಾರ್ನರ್ ಇಎಫ್‌ಆರ್ 8374, ವರ್ಷಗಳ ಬಳಕೆಯ ನಂತರ

ತೀರ್ಪು ಮೊದಲೇ ಹೇಳಿಬಿಡೋಣ. ಪೋರ್ಟ್ (ಇಂಜಿನ್ನಿಗೆ ಗಾಳಿ ಬರುವ, ಹೊಗೆ ಹೋಗುವ ಕಿಂಡಿ) ಸ್ವಲ್ಪ ಹಿಗ್ಗಿಸಿದ, ಹೆಚ್ಚಾಗಿ ರಸ್ತೆಯ ಮೇಲೇ ಓಡುವ ಎಫ್‌ಡಿ ಮಾದರಿಯ ಮಾಜ್ದಾ ಆರ್‌ಎಕ್ಸ್-7ಕ್ಕೆ (ಪಿಸ್ಟನ್ ಬದಲು ತಿರುಗುವ ರೋಟರ್ ಇರುವ, ಅಂದರೆ ರೋಟರಿ ಇಂಜಿನ್ನಿನ ಕಾರು) 400 ಅಶ್ವಶಕ್ತಿಯ ಆಸುಪಾಸು ಸಾಕು ಎನ್ನುವವರಿಗೆ ಇಎಫ್‌ಆರ್ 8374 ಬಲು ಒಳ್ಳೆಯ ಟರ್ಬೊ. ಅದೂ 1.05 ಎ/ಆರ್ ಹೌಸಿಂಗ್ (ಟರ್ಬೈನ್ ಸುತ್ತಲಿನ ಕವಚ; ಎ/ಆರ್ ಹೆಚ್ಚಿದಷ್ಟೂ ಅನಿಲದ ದಾರಿ ಅಗಲ), ಟಿ4 ಅಳತೆಯ ಫ್ಲೇಂಜಿನ ಅವಳಿ ಸ್ಕ್ರೋಲ್ (ಒಳಗೆ ಅನಿಲಕ್ಕೆ ಎರಡು ಪ್ರತ್ಯೇಕ ದಾರಿ), ಹೊರ ವೇಸ್ಟ್‌ಗೇಟ್ (ಹೆಚ್ಚಾದ ಅನಿಲವನ್ನು ಟರ್ಬೈನಿಗೆ ಹೋಗದಂತೆ ಬಿಡುವ ಕವಾಟ) ಇರುವ ರೂಪದಲ್ಲಿ. ಟರ್ಬೊ ಎಂದರೆ ಎಕ್ಸಾಸ್ಟ್ ಅನಿಲದ ಬಲದಿಂದ ಟರ್ಬೈನ್ ಚಕ್ರ ತಿರುಗಿ, ಅದೇ ಷಾಫ್ಟಿನ ಕಂಪ್ರೆಸರ್ ಚಕ್ರ ಇಂಜಿನ್ನಿಗೆ ಗಾಳಿ ಒತ್ತುವ ಯಂತ್ರ. ಟ್ರ್ಯಾಕ್‌ನಲ್ಲಿ ಸುತ್ತಿನ ಮೇಲೆ ಸುತ್ತು ಪೂರ್ತಿ ತುಳಿದು ಓಡಿಸುವವರು ಮಾತ್ರ ಬೇರೆ ಕಡೆ ನೋಡಬೇಕು. ಕಾರಣ ಕೆಳಗಿದೆ.

ಕಾರಿನ ಜೊತೆ ಬಂದ ಹಿಟಾಚಿ ಅವಳಿ ಟರ್ಬೊಗಳನ್ನು ಬೈಯುವುದು ವಾಡಿಕೆ, ಆದರೆ ಅವು ಕೆಟ್ಟವಲ್ಲ. ಕೆಳ ಆರ್‌ಪಿಎಂನಲ್ಲಿ ಒಂದು, 4,500ರ ಹೊತ್ತಿಗೆ ಎರಡನೆಯದೂ ಜೊತೆಗೂಡುವ ಆ ವ್ಯವಸ್ಥೆ 0.7 ಬಾರ್ ಬೂಸ್ಟಿನಲ್ಲಿ (ಹೊರಗಿನ ಗಾಳಿಗಿಂತ ಹೆಚ್ಚಾದ ಒತ್ತಡ), ಹೋಸುಗಳೆಲ್ಲ ಗಟ್ಟಿಯಾಗಿರುವಾಗ, 3,000 ಆರ್‌ಪಿಎಂಗಿಂತ ಕೆಳಗೆ ಯಾವ ಒಂಟಿ ಟರ್ಬೊಗೂ ಬಗ್ಗುವುದಿಲ್ಲ. ತೊಂದರೆ ಆ ಹೋಸುಗಳದ್ದೇ. ಇಂಜಿನ್ನಿನ ಶಾಖಕ್ಕೆ ವ್ಯಾಕ್ಯೂಮ್ ಹೋಸುಗಳು ಮರದ ಕಡ್ಡಿಯಂತಾಗುತ್ತವೆ. ಒಂದು ಸೀಳಿದರೂ ಎರಡನೇ ಟರ್ಬೊ ಜೊತೆಗೂಡುವ ಹೊತ್ತಿಗೆ ಬೂಸ್ಟ್ ಕುಸಿಯುತ್ತದೆ, ಇಲ್ಲವೇ ಎಗರುತ್ತದೆ. ಇನ್ನು 1 ಬಾರ್ ದಾಟಿಸಿದರೆ ಆ ಪುಟ್ಟ ಕಂಪ್ರೆಸರ್‌ಗಳು ಗಾಳಿಗಿಂತ ಶಾಖವನ್ನೇ ಹೆಚ್ಚು ತಳ್ಳುತ್ತವೆ. 0.7 ಬಾರ್‌ನಲ್ಲೇ ತೃಪ್ತಿ ಇದ್ದರೆ ಸಿಲಿಕೋನ್ ಹೋಸು, ಹೊಸ ಸೊಲೆನಾಯ್ಡ್ (ವಿದ್ಯುತ್ ಕವಾಟ) ಹಾಕಿಕೊಂಡು ಹಳೆಯದನ್ನೇ ಉಳಿಸಿಕೊಳ್ಳಿ.

ಬದಲಾಯಿಸಲೇಬೇಕು ಎಂದಾದರೆ ಕ್ಯಾಟಲಾಗಿನ ಅಶ್ವಶಕ್ತಿಯ ಅಂಕಿಯನ್ನು ಬದಿಗಿಟ್ಟು ಲೆಕ್ಕಕ್ಕೆ ಕೂರಿ. ಈ ಕಾರಿನ 13ಬಿ ಇಂಜಿನ್ನಿನಲ್ಲಿ ತಲಾ 654 ಸಿಸಿಯ ಎರಡು ರೋಟರ್. ಷಾಫ್ಟ್ ಒಂದು ಸುತ್ತು ಬಂದರೆ ಎರಡೂ ಒಮ್ಮೊಮ್ಮೆ ಉಸಿರೆಳೆಯುತ್ತವೆ. ನಾಲ್ಕು ಸ್ಟ್ರೋಕಿನ ಪಿಸ್ಟನ್ ಇಂಜಿನ್ ಅಷ್ಟು ಗಾಳಿ ಎಳೆಯಲು 2.6 ಲೀಟರ್ ಇರಬೇಕು. 7,500 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 9.8 ಘನ ಮೀಟರ್. 1 ಬಾರ್ ಬೂಸ್ಟ್, ಇಂಟರ್‌ಕೂಲರ್ (ಗಾಳಿ ತಣಿಸುವ ಜಾಲರಿ) ದಾಟಿದ ಗಾಳಿ 45 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿದರೆ ತೂಕ 21ರಿಂದ 22 ಕಿಲೊ, ಅಂದರೆ 48 ಪೌಂಡ್. ಪಿಸ್ಟನ್ ಇಂಜಿನ್ನಿಗೆ ಹೇಳುವ 'ಪೌಂಡಿಗೆ 10 ಅಶ್ವಶಕ್ತಿ' ಎಂಬ ಸೂತ್ರ ಇಲ್ಲಿ ನಡೆಯದು. ರೋಟರಿಗೆ ಪೆಟ್ರೋಲ್ ಹೆಚ್ಚು ಬೇಕು, ಮಿಶ್ರಣವೂ ದಟ್ಟವಾಗಿರಬೇಕು. ಪೌಂಡಿಗೆ ಎಂಟೂವರೆಗಿಂತ ಹೆಚ್ಚು ಸಿಗುವುದಿಲ್ಲ. 48 ಪೌಂಡಿಗೆ 400 ಅಶ್ವಶಕ್ತಿ, ಅದೂ ಷಾಫ್ಟಿನಲ್ಲಿ. ಚಕ್ರದಲ್ಲಿ ಇನ್ನೂ ಕಡಿಮೆ. 600 ಎಂದು ಬರೆದ ಟರ್ಬೊ ರೋಟರಿಯ ಮೇಲೆ 500 ಕೊಟ್ಟರೆ ಅದು ಮೋಸವಲ್ಲ, ಇಂಜಿನ್ನಿನ ಗುಣ.

ಕಂಪ್ರೆಸರ್ ನಕ್ಷೆಯಲ್ಲಿ (ಗಾಳಿಯ ಹರಿವಿಗೂ, ಕಂಪ್ರೆಸರ್‌ನ ಹೊರಗೆ-ಒಳಗಿನ ಒತ್ತಡದ ಅನುಪಾತಕ್ಕೂ ಬರೆದ ಚಿತ್ರ) ಚುಕ್ಕೆ ಇಡುವಾಗ ಬಹಳ ಜನ ಎಡವುವ ಜಾಗ ಇನ್ನೊಂದಿದೆ. 1 ಬಾರ್ ಬೂಸ್ಟ್ ಎಂದರೆ ಒತ್ತಡದ ಅನುಪಾತ 2 ಎಂದು ಬರೆದುಕೊಳ್ಳುತ್ತಾರೆ. ಇಂಟರ್‌ಕೂಲರ್ ಮತ್ತು ಪೈಪುಗಳಲ್ಲಿ 0.1 ಬಾರ್ ಹೋಗುತ್ತದೆ, ಏರ್ ಫಿಲ್ಟರ್‌ನಲ್ಲಿ 0.04. ಎರಡನ್ನೂ ಸೇರಿಸಿದರೆ ಅನುಪಾತ 2.17. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಅದೇ 1 ಬಾರ್‌ಗೆ 2.3. ಅಂಚಿನಲ್ಲೇ ಓಡುವ ಸಣ್ಣ ಟರ್ಬೊ ಎತ್ತರದ ಊರಿನಲ್ಲಿ ಮಿತಿಮೀರಿ ತಿರುಗಿ ಹಾಳಾಗುವುದು ಹೀಗೆ. 8374ರಲ್ಲಿ ಷಾಫ್ಟಿನ ವೇಗ ಅಳೆಯುವ ಸೆನ್ಸರ್‌ಗೆ ಜಾಗ ಕೊಟ್ಟಿದ್ದಾರೆ. ಖರ್ಚಿಗೆ ಹಿಂಜರಿಯದೆ ಹಾಕಿಸಿ. ಊಹೆಯೆಲ್ಲ ಅಲ್ಲಿಗೆ ಮುಗಿಯುತ್ತದೆ.

ನಿಜವಾದ ಆಯ್ಕೆ ನಡೆಯುವುದು ಕಂಪ್ರೆಸರ್ ಕಡೆಯಲ್ಲ, ಬೆಂಕಿಯ ಕಡೆ. ರೋಟರಿಯಲ್ಲಿ ಎಕ್ಸಾಸ್ಟ್ ವಾಲ್ವೇ ಇಲ್ಲ; ರೋಟರಿನ ತುದಿ ಪೋರ್ಟ್ ದಾಟಿದ ಕ್ಷಣ ಅನಿಲವೆಲ್ಲ ಒಮ್ಮೆಗೇ ನುಗ್ಗುತ್ತದೆ, ಪಿಸ್ಟನ್ ಇಂಜಿನ್ನಿಗಿಂತ ಬಿಸಿಯಾಗಿ. ಟರ್ಬೈನ್ ಇಕ್ಕಟ್ಟಾದರೆ ಆ ಒತ್ತಡ ವಾಪಸ್ ಕೋಣೆಗೇ ಬಂದು ಹೊಸ ಗಾಳಿಯಲ್ಲಿ ಬೆರೆಯುತ್ತದೆ, ಮಿಶ್ರಣ ಕಾಯುತ್ತದೆ, ನಾಕ್ (ಮಿಶ್ರಣ ಹೊತ್ತಿಗೆ ಮೊದಲೇ ತಾನಾಗಿ ಸಿಡಿಯುವುದು) ಶುರುವಾಗುತ್ತದೆ. ರೋಟರಿಗೆ ಒಂದೇ ಒಂದು ಗಟ್ಟಿ ನಾಕ್ ಸಾಕು, ರೋಟರಿನ ತುದಿಯಲ್ಲಿರುವ 2 ಮಿ.ಮೀ. ದಪ್ಪದ ಅಪೆಕ್ಸ್ ಸೀಲ್ ತುಂಡು. ಹಾಗಾಗಿ ಮ್ಯಾನಿಫೋಲ್ಡಿಗೆ (ಇಂಜಿನ್ನಿನಿಂದ ಟರ್ಬೊಗೆ ಎಕ್ಸಾಸ್ಟ್ ಒಯ್ಯುವ ಕೊಳವೆ) ಒಂದು ಸಣ್ಣ ರಂಧ್ರ ಕೊರೆದು, ಸುರುಳಿ ಸುತ್ತಿದ ಉಕ್ಕಿನ ನಳಿಕೆ ಎಳೆದು, ಎಕ್ಸಾಸ್ಟಿನ ಒತ್ತಡ ಅಳೆಯಿರಿ. ಬೂಸ್ಟಿನ ಒಂದೂವರೆ ಪಟ್ಟಿನೊಳಗಿದ್ದರೆ ರಸ್ತೆಯ ಇಂಜಿನ್ನಿಗೆ ಒಪ್ಪಬಹುದು. ಎರಡು ಪಟ್ಟು ಬಂದರೆ ಬೂಸ್ಟ್ ಏರಿಸುವುದು ನಿಲ್ಲಿಸಿ, ಹೌಸಿಂಗ್ ಬದಲಿಸಬೇಕು. ಬ್ರಿಜ್ ಪೋರ್ಟ್ (ಇನ್‌ಟೇಕ್ ಕಿಂಡಿಯ ಪಕ್ಕ ಇನ್ನೊಂದು ಕಿಂಡಿ) ಮಾಡಿದ ಇಂಜಿನ್ನಿನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಬಹಳ ಹೊತ್ತು ಒಟ್ಟಿಗೆ ತೆರೆದಿರುವುದರಿಂದ ಅನುಪಾತ ಒಂದರ ಹತ್ತಿರವೇ ಇರಬೇಕು.

8374 ಗೆಲ್ಲುವುದು ಇಲ್ಲೇ. ಹೆಸರಿನಲ್ಲೇ ಅಳತೆ ಇದೆ: ಕಂಪ್ರೆಸರ್ ಚಕ್ರ 83 ಮಿ.ಮೀ., ಟರ್ಬೈನ್ ಚಕ್ರ 74. ಹಳೆಯ ಜನಪ್ರಿಯ ಆಯ್ಕೆಯಾದ ಗ್ಯಾರೆಟ್ ಜಿಟಿ3582ಆರ್‌ನಲ್ಲಿ ಕಂಪ್ರೆಸರ್ ಹೆಚ್ಚುಕಡಿಮೆ ಇಷ್ಟೇ, ಟರ್ಬೈನ್ ಮಾತ್ರ 68. ಪಿಸ್ಟನ್ ಇಂಜಿನ್ನಿಗೆ ಆ ಆರು ಮಿ.ಮೀ. ಲೆಕ್ಕಕ್ಕಿಲ್ಲ, ರೋಟರಿಗೆ ಮೇಲಿನ 1,500 ಆರ್‌ಪಿಎಂ ಅದರಲ್ಲೇ ಇದೆ. ಟರ್ಬೈನ್ ದೊಡ್ಡದಾದರೂ ಏಳಲು ತಡಮಾಡುವುದಿಲ್ಲ, ಏಕೆಂದರೆ ಚಕ್ರ ಟೈಟಾನಿಯಂ-ಅಲ್ಯುಮಿನೈಡ್‌ನದು, ವಾಡಿಕೆಯ ನಿಕ್ಕಲ್ ಮಿಶ್ರಲೋಹ ಇನ್‌ಕೊನೆಲ್‌ನ ಅರ್ಧದಷ್ಟೇ ಸಾಂದ್ರತೆ. 1.05 ಹೌಸಿಂಗ್‌ನಲ್ಲಿ 3,500ರ ಆಸುಪಾಸಿಗೆ ಪೂರ್ತಿ 1 ಬಾರ್ ಸಿಗುತ್ತದೆ. 0.92 ಹೌಸಿಂಗ್ ಇನ್ನೂ ಬೇಗ ಏಳುತ್ತದೆ, ಮೇಲೆ ಉಸಿರುಕಟ್ಟುತ್ತದೆ. ಸಾಲದ್ದಕ್ಕೆ ಅದರಲ್ಲಿ ವೇಸ್ಟ್‌ಗೇಟ್ ಒಳಗೇ ಇರುತ್ತದೆ. ಇದೇ ಸಾಲಿನ ಇನ್ನೂ ದೊಡ್ಡ 9180 ಹಾಕಿ 400ರಲ್ಲೇ ಓಡಿಸುವುದು ಬಿಂದಿಗೆ ನೀರಿಗೆ ಟ್ಯಾಂಕರ್ ತರಿಸಿದ ಹಾಗೆ.

ಆದರೆ ಅದೇ ಹಗುರ ಚಕ್ರವೇ ಇದರ ದೌರ್ಬಲ್ಯ. ಈ ಲೋಹ ಪೆಡಸು, ಶಾಖದ ಮಿತಿ ಸುಮಾರು 950 ಡಿಗ್ರಿ. ರಸ್ತೆಯಲ್ಲಿ ಕೆಲವು ಕ್ಷಣ ತುಳಿದು ಬಿಡುವವರಿಗೆ ಅಷ್ಟು ಸಾಕು. ಟ್ರ್ಯಾಕ್‌ನಲ್ಲಿ ರೋಟರಿಯ ಎಕ್ಸಾಸ್ಟ್ ಅದನ್ನು ಸುಲಭವಾಗಿ ದಾಟುತ್ತದೆ. ಅಂಥ ಬಳಕೆಗೆ ಗ್ಯಾರೆಟ್ ಜಿ35-900 ತರಹದ, ಸಾವಿರ ಡಿಗ್ರಿ ದಾಟಿದರೂ ತಡೆಯುವ ಮಾರ್-ಎಂ ಮಿಶ್ರಲೋಹದ ಚಕ್ರವೇ ಸರಿ. ಸ್ವಲ್ಪ ತಡವಾಗಿ ಎದ್ದರೂ ಚಿಂತೆಯಿಲ್ಲ, ಅಲ್ಲಿ ಯಾರೂ 3,000ದಲ್ಲಿ ಓಡಿಸುವುದಿಲ್ಲ.

ವೇಸ್ಟ್‌ಗೇಟಿನಲ್ಲಿ ಉಳಿತಾಯ ಮಾಡಿದವರು ಎರಡು ಸಲ ಖರ್ಚು ಮಾಡುತ್ತಾರೆ. ಬೇಕಿರುವುದು 44-45 ಮಿ.ಮೀ.ನ ಎರಡು ಅಥವಾ 60 ಮಿ.ಮೀ.ನ ಒಂದು. ಅವಳಿ ಸ್ಕ್ರೋಲ್ ಮ್ಯಾನಿಫೋಲ್ಡಿನಲ್ಲಿ ಎರಡು ರೋಟರ್‌ಗಳ ಅನಿಲ ಟರ್ಬೈನ್ ತಲುಪುವ ತನಕ ಬೇರೆಬೇರೆಯಾಗಿ ಇರಬೇಕು. ವೇಸ್ಟ್‌ಗೇಟಿನ ಕೊಳವೆಯಲ್ಲಿ ಎರಡನ್ನೂ ಬೆರೆಸಿಬಿಟ್ಟರೆ ಅವಳಿ ಸ್ಕ್ರೋಲಿಗೆ ಕೊಟ್ಟ ಹಣ ದಂಡ. ಕೊಳವೆ ಅನಿಲದ ಹರಿವಿನ ದಿಕ್ಕಿಗೇ ಕವಲೊಡೆಯಬೇಕು. 90 ಡಿಗ್ರಿಯಲ್ಲಿ ಬೆಸುಗೆ ಹಾಕಿದರೆ ಗೇಟ್ ಪೂರ್ತಿ ತೆರೆದಿದ್ದರೂ ಬೂಸ್ಟ್ ತಾನೇ ಏರುತ್ತ ಹೋಗುತ್ತದೆ, ಅದೂ ತಂಪು ಹವೆಯ ದಿನ, ಮೇಲಿನ ಗೇರಿನಲ್ಲಿ. ಸ್ಪ್ರಿಂಗ್ 0.7 ಬಾರಿನದ್ದನ್ನೇ ಹಾಕಿ, ಮೇಲಿನದ್ದು ಬೂಸ್ಟ್ ಕಂಟ್ರೋಲರ್‌ನಿಂದ ಬರಲಿ. ಹೋಸು ಕಳಚಿದರೂ ಕಂಟ್ರೋಲರ್ ಕೆಟ್ಟರೂ ಇಂಜಿನ್ ಉಳಿಯಬೇಕಲ್ಲ.

ಆಯಿಲ್ ವಿಷಯಕ್ಕೆ ಬಂದರೆ, 13ಬಿಯ ಆಯಿಲ್ ಒತ್ತಡ ಬಾಲ್ ಬೇರಿಂಗ್ ಟರ್ಬೊಗೆ ಅತಿಯಾಯಿತು. ಗ್ಯಾರೆಟ್ ಬಾಲ್ ಬೇರಿಂಗ್ ಟರ್ಬೊಗೆ ಗರಿಷ್ಠ ಆರ್‌ಪಿಎಂನಲ್ಲಿ 40-45 ಪಿಎಸ್‌ಐ ಸಾಕು. ಅದಕ್ಕೆ ಸುಮಾರು 1 ಮಿ.ಮೀ. ರಂಧ್ರದ ರಿಸ್ಟ್ರಿಕ್ಟರ್ ಹಾಕುತ್ತಾರೆ. ಅದನ್ನೇ ಕಣ್ಣುಮುಚ್ಚಿ ಇಎಫ್‌ಆರ್‌ಗೂ ತುರುಕಿ ಬೇರಿಂಗನ್ನು ಒಣಗಿಸಬೇಡಿ, ಅದರದೇ ಸೂಚನಾ ಹಾಳೆ ನೋಡಿ. ಆಯಿಲ್ ವಾಪಸ್ ಇಳಿಯುವ ಡ್ರೈನ್ ಹೋಸು ಎಎನ್-10 ಅಳತೆಗಿಂತ ಸಣ್ಣದಾಗಬಾರದು, ಎಲ್ಲೂ ಹೊಟ್ಟೆ ಬಿಟ್ಟು ಜೋಲಬಾರದು, ನೇರ ಕೆಳಗಿನ ದಿಕ್ಕಿನಿಂದ 35 ಡಿಗ್ರಿಗಿಂತ ಹೆಚ್ಚು ವಾಲಬಾರದು. ಟರ್ಬೊದಿಂದ ಹೊರಬರುವ ಆಯಿಲ್ ನೊರೆನೊರೆಯಾಗಿ, ಗುರುತ್ವದಿಂದ ಮಾತ್ರ ಇಳಿಯುತ್ತದೆ. ದಾರಿಯಲ್ಲಿ ತಡೆದರೆ ಸೀಲ್ ದಾಟಿ ಎಕ್ಸಾಸ್ಟಿಗೆ ಹೋಗುತ್ತದೆ.

ಹೊಗೆ ಬಂದಾಗ ಎಲ್ಲರ ಬೆರಳೂ ಟರ್ಬೊ ಕಡೆಗೇ. ಬಿಚ್ಚಿ ನೋಡಿ. ಡೌನ್‌ಪೈಪ್ (ಟರ್ಬೊ ನಂತರದ ಎಕ್ಸಾಸ್ಟ್ ಕೊಳವೆ) ಕಳಚಿ ಟರ್ಬೈನ್ ಹಿಂದೆ ಬೆರಳು ಆಡಿಸಿ, ಆಮೇಲೆ ಟರ್ಬೊ ಇಳಿಸಿ ಮ್ಯಾನಿಫೋಲ್ಡಿನ ಎರಡೂ ಬಾಯಿ ನೋಡಿ. ಮ್ಯಾನಿಫೋಲ್ಡ್ ಒಣ ಮಸಿಯಾಗಿದ್ದು ಟರ್ಬೈನಿನ ಹಿಂದೆ ಮಾತ್ರ ಜಿಡ್ಡು ಇದ್ದರೆ ಟರ್ಬೊ ಸೀಲ್ ಅಥವಾ ಡ್ರೈನ್. ಒಂದೇ ಬಾಯಿ ಒದ್ದೆಯಾಗಿ ಹೊಳೆಯುತ್ತಿದ್ದರೆ ಆ ರೋಟರಿನ ಆಯಿಲ್ ಕಂಟ್ರೋಲ್ ರಿಂಗ್ ಹೋಗಿದೆ; ಎಷ್ಟು ಟರ್ಬೊ ಬದಲಿಸಿದರೂ ಹೊಗೆ ನಿಲ್ಲದು.

ಪೆಟ್ರೋಲಿನ ಲೆಕ್ಕ ಸರಳ. ಪೆಟ್ರೋಲ್ ಸಿಂಪಡಿಸುವ ಮೂಲ ಇಂಜೆಕ್ಟರ್‌ಗಳು ನಿಮಿಷಕ್ಕೆ 550 ಸಿಸಿಯ ಎರಡು, 850 ಸಿಸಿಯ ಸೆಕೆಂಡರಿ ಎರಡು, ಒಟ್ಟು 2,800. ಮೇಲಿನ 400 ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 2,650 ಸಿಸಿ ಬೇಕು, ಅಂದರೆ ಶೇ. 95 ಹೊತ್ತು ತೆರೆದೇ ಇರಬೇಕು. 85 ದಾಟಬಾರದು. ದೊಡ್ಡ ಸೆಕೆಂಡರಿ ಇಂಜೆಕ್ಟರ್, ಅದಕ್ಕೆ ತಕ್ಕ ಪಂಪ್, ಇನ್‌ಟೇಕ್ ಒತ್ತಡ ಅಳೆಯುವ 3 ಬಾರ್ ಮ್ಯಾಪ್ ಸೆನ್ಸರ್ ಇಲ್ಲದೆ ಟರ್ಬೊ ಪೆಟ್ಟಿಗೆಯನ್ನೇ ತೆರೆಯಬೇಡಿ. ಬೂಸ್ಟಿನಲ್ಲಿ ಮಿಶ್ರಣ (ಒಂದು ಪಾಲು ಪೆಟ್ರೋಲಿಗೆ ಗಾಳಿಯ ತೂಕ) 11.0ರಿಂದ 11.5, ಸ್ಪಾರ್ಕ್ ಪ್ಲಗ್ ನಾಲ್ಕೂ 9ರ ಶಾಖಮಟ್ಟದವು.

ಜೋಡಿಸುವಾಗ ಹೊಸ ಟರ್ಬೊದ ಆಯಿಲ್ ರಂಧ್ರಕ್ಕೆ ಶುದ್ಧ ಆಯಿಲ್ ಸುರಿದು ಚಕ್ರವನ್ನು ಕೈಯಲ್ಲೇ ತಿರುಗಿಸಿ. ಡ್ರೈನ್ ಹೋಸಿನ ಕೆಳತುದಿ ಬಿಚ್ಚಿ ಡಬ್ಬಕ್ಕಿಟ್ಟು, ಪೆಟ್ರೋಲ್ ಮತ್ತು ಸ್ಪಾರ್ಕ್ ಎರಡನ್ನೂ ಕಡಿದು, ಆಯಿಲ್ ಹರಿದು ಬರುವ ತನಕ ಸ್ಟಾರ್ಟರ್‌ನಿಂದ ತಿರುಗಿಸಿ. ಹೋಸು ಬಿಗಿದ ಮೇಲೆ ಕಾರು ಹೊತ್ತಿಸಿ. ಹಳೆಯ ಇಂಜಿನ್ ಅಪೆಕ್ಸ್ ಸೀಲ್ ಒಡೆದು ಸತ್ತಿದ್ದರೆ ಮ್ಯಾನಿಫೋಲ್ಡ್, ಇಂಟರ್‌ಕೂಲರ್, ಆಯಿಲ್ ಕೂಲರ್ ಎಲ್ಲವನ್ನೂ ತೊಳೆದ ಮೇಲೇ ಹೊಸ ಟರ್ಬೊ ಕೂರಿಸಬೇಕು. ಮ್ಯಾನಿಫೋಲ್ಡಿನ ಮೂಲೆಯಲ್ಲಿ ಉಳಿದ ಸೀಲಿನ ಒಂದು ಚೂರು ಆ ಪೆಡಸು ಚಕ್ರದ ಅಂಚನ್ನು ಮೊದಲ ಓಟದಲ್ಲೇ ಕಚ್ಚಿ ತೆಗೆಯುತ್ತದೆ.

ವರ್ಷಗಳ ಮೇಲೆ ತೊಂದರೆ ಕೊಟ್ಟದ್ದು ಟರ್ಬೊಗಿಂತ ಅದರ ಸುತ್ತಲಿನವು. ಟಿ4 ಫ್ಲೇಂಜಿನ ನಾಲ್ಕು ನಟ್ಟುಗಳು ಬಿಸಿ-ತಂಪಿಗೆ ಸಡಿಲಾಗುತ್ತವೆ. ಮೊದಲ ನಾಲ್ಕೈದು ಓಟದ ನಂತರ ತಣ್ಣಗಿದ್ದಾಗ ಮತ್ತೆ ಬಿಗಿಯಬೇಕು, ಲಾಕ್ ತಟ್ಟೆ ಹಾಕಬೇಕು. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟು ಕಚ್ಚಿಕೊಂಡರೆ ಕತ್ತರಿಸುವುದೇ ದಾರಿ, ನಿಕ್ಕಲ್ ಆಂಟಿಸೀಜ್ ಲೇಪ ಮರೆಯಬೇಡಿ. ಮ್ಯಾನಿಫೋಲ್ಡಿಗೆ ಶಾಖನಿರೋಧಕ ಪಟ್ಟಿ ಸುತ್ತಬೇಡಿ, ಶಾಖ ಒಳಗೇ ಉಳಿದು ಬೆಸುಗೆಯ ಪಕ್ಕ ಕೂದಲೆಳೆಯ ಬಿರುಕು ಬೇಗ ಕಾಣಿಸುತ್ತದೆ. ಸೆಂಟಿಮೀಟರ್ ಅಂತರ ಬಿಟ್ಟು ತಗಡಿನ ಮರೆ ಕಟ್ಟುವುದು ಮೇಲು. ಬಿರುಕು ಮೊದಲು ಕಿವಿಗೇ ತಿಳಿಯುತ್ತದೆ: ತಣ್ಣಗಿದ್ದಾಗ ಟಿಕ್ ಟಿಕ್, ಬಿಸಿಯಾದ ಮೇಲೆ ಸದ್ದಿಲ್ಲ. ಟರ್ಬೊದ ಮೈಯಲ್ಲೇ ಕೂತ ಬ್ಲೋಆಫ್ ವಾಲ್ವಿಗೆ (ಕಾಲು ತೆಗೆದಾಗ ಒತ್ತಿದ ಗಾಳಿ ಬಿಡುವ ಕವಾಟ) ಹೋಗುವ ಹೋಸನ್ನು ವರ್ಷಕ್ಕೊಮ್ಮೆ ಬದಲಿಸಿ, ಅದು ಬಿಸಿಯ ಪಕ್ಕದಲ್ಲೇ ಇರುತ್ತದೆ. ಬೇರಿಂಗ್ ಪರೀಕ್ಷೆಗೆ ಇನ್‌ಟೇಕ್ ಪೈಪ್ ತೆಗೆದು ಕಂಪ್ರೆಸರ್ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಚಕ್ರ ಗೋಡೆಗೆ ತಾಗಿದರೆ, ಅಥವಾ ಕೈಬಿಟ್ಟಾಗ ತಿರುಗುವುದು ಜಾರುವ ಬದಲು ಗರಗರ ಎಂದರೆ, ಅಂದೇ ಕಾರು ನಿಲ್ಲಿಸಿ.